ತೈಲಚಿತ್ರದಲ್ಲಿ ನನ್ನ ಹೆಬ್ಬೆರಳು

ಆಗ ನನಗೆ ಎಪ್ಪತ್ತೆರಡು. ಇದು ನಡೆದು ಮೂರು ವರ್ಷವಾಯಿತು. ಅಷ್ಟು ವರ್ಷ ಬದುಕಿ ನನಗೆ ಬಾರದೆ ಉಳಿದ ಕೆಲಸ ಎರಡೇ, ಸೈಕಲ್ ತುಳಿಯುವುದು ಮತ್ತು ಸುಮ್ಮನೆ ಕೂರುವುದು. ಸೈಕಲ್ ತುಳಿ ಎಂದು ಯಾರೂ ಒತ್ತಾಯ ಮಾಡಲಿಲ್ಲ. ಸುಮ್ಮನೆ ಕೂರಬೇಕು ಎಂದು ಮಾತ್ರ ನನ್ನ ಸೊಸೆ ಸಾಂಡ್ರಾ ಹೇಳಿದಳು. ಅದೂ ಹೇಗೆ, ಕ್ವಾಲಾಲಂಪುರದ ಸೆಕೆಯಲ್ಲಿ ಕಪ್ಪು ಮಖಮಲ್ಲಿನ ನಿಲುವಂಗಿ ಹಾಕಿಕೊಂಡು, ಆರು ಶನಿವಾರ, ಪ್ರತಿ ಸಲ ಎರಡು ಗಂಟೆ. ಮಸಾಲೆ ಅರೆಯುವುದು ಕಷ್ಟ, ತಳ ಹಿಡಿದ ಪಾತ್ರೆ ತಿಕ್ಕುವುದು ಕಷ್ಟ ಎನ್ನುವವರು ಒಮ್ಮೆ ಮರ್ಯಾದಸ್ಥರ ಹಾಗೆ ಕೂತು ನೋಡಬೇಕು. ನನಗೆ ಗೊತ್ತಿದ್ದ ಮಟ್ಟಿಗೆ ಮರ್ಯಾದೆ ಇರುವುದು ಕೂತವರಿಗೆ. ನಿಂತವರಿಗೆ ಇರುವುದು ಮೊಣಕಾಲು ನೋವು. ಈ ವಯಸ್ಸಿನಲ್ಲಿ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ನನಗೆ ತ್ರಾಣ ಇರಲಿಲ್ಲ.

ನಾನು ಯಾರು ಎಂದು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯ ರಗಳೆಯೆಲ್ಲ ಅದರದ್ದೇ. ನಾನು ಮಂಗಳೂರಿನವಳು, ಇಗರ್ಜಿಯ, ಅಂದರೆ ಚರ್ಚಿನ, ಹೆಂಗಸು. ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಮನೆಯಲ್ಲಿ ಆಡುವುದು ಕೊಂಕಣಿ, ಬರೆಯಲು ಬರುವುದು ಕನ್ನಡ ಮಾತ್ರ, ಆದ್ದರಿಂದ ನಮ್ಮ ಮನೆಯ ಜಗಳವನ್ನೂ ಇಲ್ಲಿ ಕನ್ನಡದಲ್ಲೇ ಓದಬೇಕಾಗುತ್ತದೆ. ಗಂಡ ಹೋದಾಗ ಮಗ ವಿಲ್ಫಿಗೆ ಆರು ವರ್ಷ. ಹದಿನೈದನೇ ದಿನ ಪಾದ್ರಿಗಳ ಬಂಗಲೆಯ ಅಡುಗೆಮನೆ ಸೇರಿದೆ. ಮೂವತ್ತೊಂದು ವರ್ಷ ಅಲ್ಲಿ ಬೇಯಿಸಿದೆ. ನಾಲ್ಕು ಪಾದ್ರಿಗಳು, ನಾಲ್ಕು ನಾಲಿಗೆ. ಒಬ್ಬರಿಗೆ ಹುಳಿ ಆಗದು, ಒಬ್ಬರಿಗೆ ಹುಳಿ ಇಲ್ಲದೆ ಆಗದು, ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಆ ಕಾಯಿಲೆ ಇದ್ದದ್ದು ಗೊತ್ತಿರಲಿಲ್ಲ. ವಿಲ್ಫಿ ಆ ಬಂಗಲೆಯ ಹಿಂದಿನ ಜಗಲಿಯಲ್ಲಿ ಓದಿ, ಕಾಲೇಜು ಮುಗಿಸಿ, ಮಲೇಷಿಯಾಕ್ಕೆ ಬಂದು, ಕ್ಲಾಂಗ್ ಬಂದರಿನ ಒಂದು ಹಡಗು ಕಂಪನಿಯಲ್ಲಿ ದೊಡ್ಡವನಾದ. ಹಡಗು ಹತ್ತಿದವನಲ್ಲ, ಹಡಗಿನ ಕಾಗದ ನೋಡುವವನು. ನನ್ನ ಮೊಣಕಾಲು ಬಂಗಲೆಯ ಕೆಲಸಕ್ಕೆ ಆಗುವುದಿಲ್ಲ ಎಂದಾಗ ಇಲ್ಲಿಗೆ ಕರೆಸಿಕೊಂಡ. ಬಾಂಗ್ಸಾರ್‌ನಲ್ಲಿ ಹನ್ನೊಂದನೇ ಮಹಡಿ. ಕಿಟಕಿ ತೆರೆದರೆ ಮೋಡ, ಮುಚ್ಚಿದರೆ ಎ.ಸಿ.

ಮೊಮ್ಮಗಳು ರಿಯಾಳಿಗೆ ಹುಡುಗ ಸಿಕ್ಕಿದ. ನಾವು ಹುಡುಕಿದ್ದಲ್ಲ, ಅವಳೇ ತಂದಳು. ಕೆವಿನ್ ಅಂತ, ನಮ್ಮವರೇ, ಮಂಗಳೂರು ಮೂಲ, ಮೂರು ತಲೆಮಾರಿನಿಂದ ಇಲ್ಲಿದ್ದಾರೆ. ನಮ್ಮವರಲ್ಲಿ ಸಂಬಂಧ ಎಂದರೆ ಮೊದಲ ಪ್ರಶ್ನೆ, ಯಾವ ಇಗರ್ಜಿ? ಎರಡನೆಯದು, ಯಾರ ಮನೆಯವರು? ಸಮುದ್ರ ದಾಟಿ ಬಂದರೂ ಈ ಎರಡು ಪ್ರಶ್ನೆಗಳನ್ನು ಯಾರೂ ಹಿಂದೆ ಬಿಟ್ಟು ಬರುವುದಿಲ್ಲ, ಉಪ್ಪಿನಕಾಯಿಯ ಭರಣಿ ಬಿಟ್ಟು ಬಂದವರೂ ಇದನ್ನು ತಂದಿರುತ್ತಾರೆ. ವಿಲ್ಫಿ ಮತ್ತು ಸಾಂಡ್ರಾ ಹುಡುಗನ ಮನೆಗೆ ಊಟಕ್ಕೆ ಹೋದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ, ನನಗೆ ಜ್ವರ ಎಂದರಂತೆ. ನನಗೆ ಜ್ವರ ಇರಲಿಲ್ಲ, ಆದರೆ ಹೋಗುವ ಉಮೇದೂ ಇರಲಿಲ್ಲ, ಹಾಗಾಗಿ ನಾನೂ ಆ ಜ್ವರವನ್ನು ಒಪ್ಪಿಕೊಂಡೆ. ವಾಪಸು ಬಂದ ಸಾಂಡ್ರಾ ಚಪ್ಪಲಿ ಬಿಚ್ಚದೆ ಹಾಲ್‌ನ ಗೋಡೆ ನೋಡುತ್ತಾ ನಿಂತಳು.

“ಅವರ ಹಾಲ್‌ನಲ್ಲಿ ಮುತ್ತಜ್ಜನ ಆಯಿಲ್ ಪೇಂಟಿಂಗ್ ಇದೆ ಅತ್ತೆ. ಇಷ್ಟೆತ್ತರ. ಕೋಟು, ಗಡಿಯಾರದ ಸರಪಳಿ. ಹಂಚಿನ ಕಾರ್ಖಾನೆ ಇತ್ತಂತೆ. ನಮ್ಮ ಗೋಡೆಯಲ್ಲಿ ಏನಿದೆ ಹೇಳಿ.”

“ಗಡಿಯಾರ ಇದೆಯಲ್ಲ, ಸರಪಳಿ ಇಲ್ಲ ಅಷ್ಟೆ,” ಎಂದೆ.

ಅವಳು ನಗಲಿಲ್ಲ. ಹುಡುಗನ ಅಜ್ಜಿ ಫ್ಲೋರಾಬಾಯಿ ಇನ್ನೂ ಗಟ್ಟಿ ಇದ್ದಾಳಂತೆ, ಮುಂದಿನ ಸಲ ಇಲ್ಲಿಗೆ ಬರುತ್ತಾಳಂತೆ, ಬಂದವಳು ಆ ಎರಡನೇ ಪ್ರಶ್ನೆ ಕೇಳಿಯೇ ಕೇಳುತ್ತಾಳೆ. ಸಾಂಡ್ರಾ ನನ್ನನ್ನು ಕೆಟ್ಟದಾಗಿ ನೋಡಿಕೊಂಡವಳಲ್ಲ, ಅದನ್ನು ಹೇಳಬೇಕು. ಮಾತ್ರೆ ತಪ್ಪಿಸಿದರೆ ನನ್ನ ಹಿಂದೆಯೇ ಸುತ್ತುತ್ತಾಳೆ. ಆದರೆ ಅತ್ತೆ ಅಡುಗೆಯವಳಾಗಿದ್ದಳು ಎಂಬ ಮಾತು ಅವಳ ಗಂಟಲಲ್ಲಿ ಮುಳ್ಳಿನ ಹಾಗೆ ನಿಲ್ಲುತ್ತದೆ. ಅವಳ ಅಪ್ಪ ಹೈಸ್ಕೂಲಿನ ಹೆಡ್‌ಮಾಸ್ತರರು. ಅವಳ ಬಾಯಲ್ಲಿ ನಾನು ಯಾವತ್ತೂ ‘ಇಗರ್ಜಿಯ ಸೇವೆಯಲ್ಲಿದ್ದವರು’. ಕೇಳಿದವರು ನಾನು ಸಿಸ್ಟರ್ ಆಗಿದ್ದೆ, ಮನಸ್ಸು ಬದಲಾಯಿಸಿ ಮದುವೆಯಾದೆ ಎಂದುಕೊಳ್ಳುತ್ತಾರೆ. ಈಗ ಅವಳ ಭಯ ಒಂದೇ, ಈ ವಿಷಯದಿಂದ ರಿಯಾಳ ಸಂಬಂಧ ಮುರಿದರೆ? ಮುರಿದರೆ ಅದು ನನ್ನ ಒಲೆಯಿಂದ ಮುರಿದ ಹಾಗೆ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳದ್ದನ್ನು ಅರ್ಥ ಮಾಡಿಕೊಳ್ಳುವಷ್ಟು ನಾಲ್ಕನೇ ಕ್ಲಾಸಿನಲ್ಲೂ ಕಲಿಸುತ್ತಾರೆ.

ಹಾಗೆ ಫೊಂಗ್ ಎಂಬ ಚಿತ್ರ ಬರೆಯುವ ಮುದುಕರು ನಮ್ಮ ಬಾಳಿಗೆ ಬಂದರು. ಬ್ರಿಕ್‌ಫೀಲ್ಡ್ಸ್‌ನಲ್ಲಿ ತಮಿಳರ ಕೇರಿಯ ಒಂದು ಮಾಮಕ್ ಹೋಟೆಲ್, ಅಂದರೆ ತಮಿಳು ಮುಸಲ್ಮಾನರ ಹೋಟೆಲ್, ಅದರ ಮೇಲಿನ ಕೋಣೆ. ಕೆಳಗೆ ಇಡೀ ದಿನ ರೊಟ್ಟಿ ಬಡಿಯುವ ಸದ್ದು, ಮೇಲೆ ಬಣ್ಣದ ಎಣ್ಣೆಯ ವಾಸನೆ. ಚೀನಾದವರಾದರೂ ಹುಟ್ಟಿ ಬೆಳೆದದ್ದು ಆ ಬೀದಿಯಲ್ಲೇ, ತಮಿಳು ನೀರು ಕುಡಿದ ಹಾಗೆ ಆಡುತ್ತಾರೆ. ನನಗೂ ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡಿ ಮಾಡಿ ತಮಿಳು ಬಂದಿತ್ತು. ಮಂಗಳೂರಿನ ಮುದುಕಿಯೂ ಚೀನೀ ಮುದುಕರೂ ತಮಿಳಿನಲ್ಲಿ ಮಾತಾಡುವುದನ್ನು ಕೇಳಿ ರಿಯಾ ಮೊದಲ ದಿನ ಫೋನಿನಲ್ಲಿ ವಿಡಿಯೋ ಹಿಡಿದಳು. ಅವರು ಚಿಕ್ಕವರಿದ್ದಾಗ ಇಟಲಿಗೆ ಹೋಗಿ ಕಲಿತು ಬಂದವರಂತೆ. ಐನೂರು ವರ್ಷದ ಹಿಂದೆ ಅಲ್ಲಿನ ಸಾಹುಕಾರರ ಮನೆಮಂದಿಯನ್ನು ಹೇಗೆ ಬರೆಯುತ್ತಿದ್ದರೋ ಹಾಗೆಯೇ ಈಗ ಇಲ್ಲಿನ ಮನೆಮಂದಿಯನ್ನು ಬರೆದುಕೊಡುತ್ತಾರೆ. ಅದಕ್ಕೆ ರೆನೈಸಾನ್ಸ್ ಎಂದು ಹೆಸರು. ಸಾಂಡ್ರಾ ಆ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು, ಹೊಸ ಕುಕ್ಕರ್ ತಂದವರು ಅದರ ಕಂಪನಿಯ ಹೆಸರು ಹೇಳುವ ಹಾಗೆ.

ಫೊಂಗ್ ನಮ್ಮನ್ನೆಲ್ಲ ಕೂರಿಸಿ ಒಂದು ದಪ್ಪ ಪುಸ್ತಕ ತೆರೆದರು. ಪುಟ ಪುಟಕ್ಕೂ ಸತ್ತ ಸಾಹುಕಾರರು. ಒಬ್ಬರಾದರೂ ನಗುವುದಿಲ್ಲ. ಎಲ್ಲರೂ ತಡವಾದ ಬಸ್ಸಿಗೆ ಕಾದವರ ಹಾಗೆ ಒಂದು ಕಡೆಗೆ ನೋಡುತ್ತಾ ಕೂತಿದ್ದಾರೆ. ಆ ಕಾಲದ ಹೆಂಗಸರು ಹಣೆ ಅಗಲ ಕಾಣಲಿ ಎಂದು ಮುಂದಲೆಯ ಕೂದಲು ಕೀಳಿಸಿಕೊಳ್ಳುತ್ತಿದ್ದರಂತೆ. ನನಗೆ ಅದು ಟೈಫಾಯಿಡ್ ಬಂದಾಗ ಕೀಳದೆಯೇ ಆಗಿತ್ತು, ಯಾರೂ ಚಿತ್ರ ಬರೆಯಲಿಲ್ಲ. ಫೊಂಗ್ ಒಬ್ಬ ಯಜಮಾನನ ಮುಖದ ಮೇಲೆ ಬೆರಳಿಟ್ಟರು. “ನೋಡಿ ಪಾಟಿ,” ಎಂದರು. ತಮಿಳಿನಲ್ಲಿ ಅಜ್ಜಿಗೆ ಪಾಟಿ. “ಗಲ್ಲದ ಕೆಳಗೆ ಗಂಟು ಇದೆ, ಒಂದು ಕಣ್ಣು ಸಣ್ಣ. ಬರೆದವನು ಮುಚ್ಚಲಿಲ್ಲ, ಬರೆಸಿದವನು ಮುಚ್ಚು ಅನ್ನಲಿಲ್ಲ. ನಾನು ಇಂಥವನು, ಇದು ನನ್ನ ಮನೆತನ ಅಂತ ಕೂತಿದ್ದಾನೆ. ಗೌರವ ಅಂದರೆ ಅದು.” ಸಾಂಡ್ರಾ ಜೋರಾಗಿ ತಲೆ ಆಡಿಸಿದಳು. ಆಮೇಲೆ ಗೊತ್ತಾಯಿತು, ಅವಳು ನೋಡುತ್ತಿದ್ದದ್ದು ಗಂಟನ್ನಲ್ಲ, ಯಜಮಾನನ ಮಖಮಲ್ಲನ್ನು.

ಆ ಚಿತ್ರಗಳಲ್ಲಿ ಇನ್ನೊಂದು ಕ್ರಮ ಇದೆ. ಪ್ರತಿಯೊಬ್ಬರ ಕೈಯಲ್ಲೂ ಏನಾದರೂ ಇರಬೇಕು, ಅವರ ಗುಣ ತೋರಿಸುವಂಥದ್ದು. ವಿಲ್ಫಿಗೆ ಹಿತ್ತಾಳೆಯ ದಿಕ್ಸೂಚಿ ಕೊಟ್ಟರು. ಅವನು ಬಾಂಗ್ಸಾರ್‌ನಿಂದ ಕ್ಲಾಂಗಿಗೆ ಹೋಗಲು ಇವತ್ತಿಗೂ ಫೋನಿನ ಹೆಂಗಸು ದಾರಿ ಹೇಳಬೇಕು. ಸಾಂಡ್ರಾಳಿಗೆ ಬೀಗದ ಕೈಗೊಂಚಲು, ಮನೆಯೊಡತಿ ಎಂದು. ರಿಯಾಳಿಗೆ ಒಂದು ಕೆಂಪು ಹೂವು, ಮದುವೆ ಗೊತ್ತಾದ ಹುಡುಗಿ ಎಂದು. ನನಗೆ ಏನು? ಎಲ್ಲರೂ ನನ್ನ ಕೈ ನೋಡಿದರು. ನನ್ನ ಕೈ ಹೇಳಿಕೊಳ್ಳುವಂಥದ್ದಲ್ಲ. ಎಣ್ಣೆ ಸಿಡಿದ ಕಲೆಗಳು, ಗಂಟು ಕಟ್ಟಿದ ಗೆಣ್ಣುಗಳು, ಬಲಗೈ ಹೆಬ್ಬೆರಳಿನ ಉಗುರು ದಪ್ಪವಾಗಿ ಎಮ್ಮೆಯ ಗೊರಸಿನ ಹಾಗೆ. “ಕೈ ಮಖಮಲ್ಲಿನ ಒಳಗೆ ಇರಲಿ,” ಎಂದಳು ಸಾಂಡ್ರಾ. “ಕೈ ಇಲ್ಲದೆ ಮನುಷ್ಯರನ್ನು ಬರೆಯುವುದಿಲ್ಲ,” ಎಂದರು ಫೊಂಗ್. ಚರ್ಚೆ ಅರ್ಧ ಗಂಟೆ ನಡೆಯಿತು. ನನಗೆ ಕಾಫಿ ಬೇಕಾಗಿತ್ತು. ಕೊನೆಗೆ ಸಾಂಡ್ರಾ ತನ್ನ ಅಪ್ಪನ ಪ್ರಾರ್ಥನೆ ಪುಸ್ತಕ ತಂದುಕೊಟ್ಟಳು, ದಪ್ಪ, ಚರ್ಮದ ರಟ್ಟು, ಅಂಚಿಗೆ ಬಂಗಾರದ ಬಣ್ಣ, ಪೂರ್ತಿ ಇಂಗ್ಲಿಷ್. “ಇದನ್ನು ಹಿಡಿದುಕೊಳ್ಳಿ ಅತ್ತೆ, ನೋಡಿದವರಿಗೆ ತಾನಾಗಿ ತಿಳಿಯುತ್ತದೆ. ನೀವು ಮಾತ್ರ ಅವರು ಬಂದ ದಿನ ಹಳೆಯ ಕಥೆಯೆಲ್ಲ ತೆಗೆಯಬೇಡಿ. ರಿಯಾಳಿಗಾಗಿ.” ಆಯಿತು ಎಂದೆ. ಮಾತು ಕೊಟ್ಟೆ. ನಾನು ಸುಳ್ಳು ಹೇಳುವವಳಲ್ಲ, ಆದರೆ ಬಾಯಿ ಮುಚ್ಚಿಕೊಳ್ಳುವುದು ಸುಳ್ಳಲ್ಲ, ಅದು ಕೂಡ ಒಂದು ವಿಶ್ರಾಂತಿ.

ಶನಿವಾರ ಶನಿವಾರ ಸಾಂಡ್ರಾ ನನ್ನನ್ನು ಮೇಲೆ ಬಿಟ್ಟು ಸೀರೆ ಅಂಗಡಿಗೆ ಹೋಗುತ್ತಿದ್ದಳು. ನಾನು ಕೂತ ಹತ್ತನೇ ನಿಮಿಷಕ್ಕೆ ತೂಕಡಿಸುತ್ತಿದ್ದೆ. ಮಖಮಲ್ಲಿನೊಳಗೆ ಬೆನ್ನಿನಲ್ಲಿ ಬೆವರು ಇಳಿಯುವುದು ಗೊತ್ತಾಗುತ್ತಿತ್ತು, ಅದೊಂದೇ ನಾನು ಬದುಕಿದ್ದೇನೆ ಎನ್ನಲು ಸಾಕ್ಷಿ. ಫೊಂಗ್‌ಗೆ ಕಣ್ಣು ಮುಚ್ಚಿದ ಮುದುಕಿ ಬೇಡ. “ಪಾಟಿ, ಏನಾದರೂ ಮಾತಾಡುತ್ತಾ ಇರಿ. ಮುಖದಲ್ಲಿ ಜೀವ ಬೇಕು,” ಎಂದರು. ಏನು ಮಾತಾಡಲಿ? ನನಗೆ ಗೊತ್ತಿರುವುದು ಅಡುಗೆ. ಹಂದಿಮಾಂಸಕ್ಕೆ ವಿನೆಗರ್ ಎಷ್ಟು, ನಮ್ಮ ಕಡೆಯ ಇಡ್ಲಿ ಸಣ್ಣಾಸಿನ ಹಿಟ್ಟು ಹುಳಿ ಬಂದದ್ದು ಮೂಸಿ ಹೇಗೆ ಹೇಳುವುದು, ಬಿಷಪರು ಊಟಕ್ಕೆ ಬಂದ ದಿನ ದೊಡ್ಡ ಪಾದ್ರಿಗಳು ಗಾಬರಿಯಲ್ಲಿ ಅಡುಗೆಮನೆಗೆ ಬಂದು ಉಪ್ಪು ನೋಡುತ್ತೇನೆ ಎಂದು ಅರ್ಧ ಪಾತ್ರೆ ಖಾಲಿ ಮಾಡಿದ್ದು. ಮೀನು ಆರಿಸುವುದನ್ನು ಹೇಳಿದೆ. ಮೀನುಗಾರ್ತಿ ಕಣ್ಣು ನೋಡಿ, ಹೊಳೆಯುತ್ತದೆ ಎನ್ನುತ್ತಾಳೆ, ಅದನ್ನು ನಂಬಬಾರದು. ಹೆಬ್ಬೆರಳಿನಲ್ಲಿ ಕಿವಿರು ಎತ್ತಿ ಒಳಗೆ ನೋಡಬೇಕು. ಕೆಂಪಾಗಿದ್ದರೆ ಇವತ್ತಿನದು, ಕಂದಿದ್ದರೆ ನಿನ್ನೆಯದು, ಅವಳು ಮಾತು ಬದಲಾಯಿಸಿದರೆ ಮೊನ್ನೆಯದು. ಫೊಂಗ್ ನಗುತ್ತಾ ಬರೆಯುತ್ತಿದ್ದರು. ಅವರು ನನ್ನ ಮುಖ ಬರೆಯುತ್ತಿದ್ದಾರೆ ಎಂದುಕೊಂಡಿದ್ದೆ.

ಚಿತ್ರ ಬಂತು. ನಾಲ್ಕು ಅಡಿ ಅಗಲ, ಚಿನ್ನದ ಬಣ್ಣದ ಕಟ್ಟು. ಪೂರ್ತಿ ಒಣಗಲು ಕೆಲವು ತಿಂಗಳು ಬೇಕು, ಆಮೇಲೆ ಬಂದು ವಾರ್ನಿಷ್ ಹಚ್ಚುತ್ತೇನೆ ಎಂದು ಹೇಳಿ ಫೊಂಗ್ ಹೋದರು. ಸಾಂಡ್ರಾ ಸೋಫಾ ಜರುಗಿಸಿ ಮೇಲೊಂದು ದೀಪ ಹಾಕಿಸಿದಳು. ವಿಲ್ಫಿ ಪ್ರಪಂಚ ಸುತ್ತಿದವನ ಹಾಗೆ ಕೂತಿದ್ದ. ರಿಯಾ ಚೆಂದ ಬಂದಿದ್ದಳು. “ವಾವ್ ಗ್ರ್ಯಾನಿ, ಯು ಲುಕ್ ಸೋ ಫಿಯರ್ಸ್ ಲಾ,” ಎಂದಳು. ಅವಳಿಗೆ ನಮ್ಮ ಮಾತು ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಕೊನೆಗೆ ಇಲ್ಲಿನವರ ‘ಲಾ’ ಸೇರಿಸಿಕೊಂಡು ಬರುತ್ತದೆ. ನಾನು ಕನ್ನಡಕ ಹಾಕಿಕೊಂಡು ಒಂದು ಕ್ಷಣ ನೋಡಿದೆ. ಪುಸ್ತಕ ಇದೆ, ಮಖಮಲ್ಲಿದೆ, ಮುದುಕಿ ಇದ್ದಾಳೆ. ಸರಿ ಎಂದು ಹೋಗಿ ಮಲಗಿದೆ. ಸಾಂಡ್ರಾಳಿಗೂ ಏನೂ ಕಾಣಲಿಲ್ಲ. ಕಾಣಬೇಕಾದರೆ ಮೀನು ಕೊಂಡು ಗೊತ್ತಿರಬೇಕು. ಅವಳು ಸೂಪರ್ ಮಾರ್ಕೆಟಿನಿಂದ ತುಂಡು ಮಾಡಿ ಪ್ಲಾಸ್ಟಿಕ್ ಸುತ್ತಿದ್ದನ್ನೇ ತರುವವಳು.

ಫ್ಲೋರಾಬಾಯಿ ಬಂದದ್ದು ಒಂದು ಭಾನುವಾರ, ಪೂಜೆ ಮುಗಿದ ಮೇಲೆ. ಜೊತೆಗೆ ಮಗ, ಸೊಸೆ, ಕೆವಿನ್. ಎಂಬತ್ತು ದಾಟಿದ ಹೆಂಗಸು, ಕೈಯಲ್ಲಿ ಬೆತ್ತ, ಬೆನ್ನು ಮಾತ್ರ ನೆಟ್ಟಗೆ. ಸೋಫಾ ತೋರಿಸಿದರೆ ಕೂರಲಿಲ್ಲ. ನೇರ ಚಿತ್ರದ ಮುಂದೆ ಹೋಗಿ ನಿಂತಳು. ವಿಲ್ಫಿಯನ್ನು ನೋಡಿದಳು, ಸಾಂಡ್ರಾಳನ್ನು ನೋಡಿದಳು, ಆಮೇಲೆ ನನ್ನ ಹತ್ತಿರ ಬಂದು ಅಲ್ಲೇ ನಿಂತುಬಿಟ್ಟಳು. ಚಿತ್ರದಲ್ಲಿದ್ದ ನನ್ನ ಹತ್ತಿರ. ಸೋಫಾದಲ್ಲಿದ್ದ ನನ್ನನ್ನು ಯಾರೂ ನೋಡುತ್ತಿರಲಿಲ್ಲ.

“ಅತ್ತೆ ಇಗರ್ಜಿಯ ಸೇವೆಯಲ್ಲಿದ್ದವರು,” ಎಂದಳು ಸಾಂಡ್ರಾ, ಕೇಳುವ ಮೊದಲೇ.

“ಏನು ಸೇವೆ?”

“ಮೂವತ್ತು ವರ್ಷ... ಪಾದ್ರಿಗಳ ಬಂಗಲೆಯ ಎಲ್ಲ ವ್ಯವಸ್ಥೆ...”

ಫ್ಲೋರಾಬಾಯಿ ಬೆತ್ತದ ತುದಿಯನ್ನು ಚಿತ್ರಕ್ಕೆ ತಾಗುವಷ್ಟು ಹತ್ತಿರ ಎತ್ತಿದಳು. ಆಮೇಲೆ ತಿರುಗಿ ನನ್ನನ್ನೇ ಕೇಳಿದಳು. “ಸೆರಫಿನಾಬಾಯಿ, ಈ ಪುಸ್ತಕ ಹಿಡಿದಿದ್ದೀಯಲ್ಲ, ಇದೇನು ಹಿಡಿಯುವ ಕ್ರಮ? ಬಂಗುಡೆ ಹಿಡಿದ ಹಾಗಿದೆ.”

ಆಗ ನಾನು ನೋಡಿದೆ. ಸರಿಯಾಗಿ ನೋಡಿದ್ದು ಅದೇ ಮೊದಲು. ಎಡಗೈಯ ಮೇಲೆ ಪುಸ್ತಕ ಅಡ್ಡ ಮಲಗಿದೆ, ಬಲಗೈಯ ಹೆಬ್ಬೆರಳು, ಅದೇ ಗೊರಸಿನ ಉಗುರು, ರಟ್ಟಿನ ಕೆಳಗೆ ತೂರಿ ಅದನ್ನು ಒಂಚೂರು ಮೇಲೆತ್ತಿದೆ. ಕಣ್ಣು ಓರೆಯಾಗಿ ಆ ಸಂದಿನೊಳಗೆ. ಮುಖದಲ್ಲಿ ನಂಬಿಕೆ ಇಲ್ಲ. ಪ್ರಾರ್ಥನೆ ಪುಸ್ತಕ ಇವತ್ತಿನದೋ ನಿನ್ನೆಯದೋ ಎಂದು ನೋಡುತ್ತಿದ್ದೇನೆ. ಸಾಂಡ್ರಾ ಟೀ ಟ್ರೇ ಹಿಡಿದುಕೊಂಡೇ ನಿಂತಿದ್ದಳು. ಅವಳು ನನ್ನ ಕಡೆ ನೋಡಿದ ನೋಟ ನನಗೆ ಇವತ್ತಿಗೂ ನೆನಪಿದೆ. ಬೇಡ ಅತ್ತೆ ಎಂದಿತ್ತು ಅದರಲ್ಲಿ. ಒಂದು ನಗು ಸಾಕಾಗಿತ್ತು. ವಯಸ್ಸಾಯಿತು, ಕೈ ಹಿಡಿತ ಹೀಗೇ ಎಂದಿದ್ದರೆ ಮುಗಿಯುತ್ತಿತ್ತು. ನಾನು ಮಾತು ಕೊಟ್ಟವಳು.

“ಬಂಗುಡೆ ಅಲ್ಲ,” ಎಂದೆ. “ಅಂಜಲ್. ಬಂಗುಡೆಗೆ ಒಂದು ಕೈ ಸಾಕು.”

“ಅಂಜಲಿಗೆ ಅಷ್ಟು ಸಪೂರ ತಲೆ ಎಲ್ಲಿಂದ ಬಂತು?”

“ಮೂರು ಕಿಲೋದ್ದು. ಅದಕ್ಕಿಂತ ದೊಡ್ಡದು ಪಾದ್ರಿಗಳ ಮನೆಗೆ ನಾನು ತರುತ್ತಿರಲಿಲ್ಲ, ನಾರು ಬರುತ್ತದೆ. ಮೂವತ್ತೊಂದು ವರ್ಷ ತಂದಿದ್ದೇನೆ, ನಾನೇ ಕೊಯ್ದಿದ್ದೇನೆ, ನಾನೇ ಬೇಯಿಸಿದ್ದೇನೆ. ನೀವು ನನಗೆ ಮೀನು ಹೇಳಿಕೊಡಬೇಡಿ.”

ಟ್ರೇ ಮೇಜಿನ ಮೇಲೆ ಕೂತ ಸದ್ದು ಕೇಳಿಸಿತು. ವಿಲ್ಫಿ ಎ.ಸಿ.ಯ ರಿಮೋಟ್ ಹುಡುಕತೊಡಗಿದ. ಅವನಿಗೆ ಕಷ್ಟ ಬಂದಾಗಲೆಲ್ಲ ಸೆಕೆಯಾಗುತ್ತದೆ. ಫ್ಲೋರಾಬಾಯಿ ನಿಧಾನವಾಗಿ ಬಂದು ನನ್ನ ಪಕ್ಕ ಸೋಫಾದಲ್ಲಿ ಕೂತಳು. “ನನಗೆ ಗೊತ್ತಿತ್ತು,” ಎಂದಳು. “ನಿನ್ನ ಮೊಮ್ಮಗಳು ಮೊದಲನೇ ದಿನವೇ ನಮ್ಮ ಕೆವಿನ್‌ಗೆ ಹೇಳಿದ್ದಾಳೆ. ನನ್ನ ಗ್ರ್ಯಾನಿ ಬಿಷಪರಿಗೆ ಬೇಯಿಸಿ ಹಾಕಿದವಳು ಅಂತ ಜಂಬ ಕೊಚ್ಚಿದ್ದಾಳೆ. ಇಲ್ಲಿ ಯಾರ ಬಾಯಿಂದಾದರೂ ಬರುತ್ತದಾ ಇಲ್ಲವಾ ಅಂತ ನೋಡಲು ಬಂದೆ. ಗೋಡೆಯ ಮೇಲೆ ಒಂದು, ಒಳಗೆ ಒಂದು ಇರುವ ಮನೆಗೆ ಹುಡುಗನನ್ನು ಕೊಡಲು ನನಗೆ ಇಷ್ಟವಿರಲಿಲ್ಲ.” ಆಮೇಲೆ ಸಾಂಡ್ರಾಳಿಗೆ, “ಟೀ ಕೊಡು ಮಗಳೇ, ಆರುತ್ತದೆ,” ಎಂದಳು. ಕೆವಿನ್ ರಿಯಾಳನ್ನು ನೋಡಿ ಭುಜ ಕುಣಿಸಿದ. ಊಟ ಮುಗಿಯುವಷ್ಟರಲ್ಲಿ ಮದುವೆಯ ತಿಂಗಳು ಗೊತ್ತಾಗಿತ್ತು. ಊಟ ಹೋಟೆಲಿನಿಂದ ತಪಾವ್ ಕಟ್ಟಿಸಿ ತಂದದ್ದು, ಮೀನು ನಿನ್ನೆಯದು. ಅದನ್ನು ನಾನೂ ಹೇಳಲಿಲ್ಲ, ಫ್ಲೋರಾಬಾಯಿಯೂ ಹೇಳಲಿಲ್ಲ. ಇಬ್ಬರೂ ತಟ್ಟೆಯ ಅಂಚಿಗೆ ಸರಿಸಿದೆವು.

ಅವರು ಹೋದ ಮೇಲೆ ಸಂಜೆಯವರೆಗೆ ಸಾಂಡ್ರಾ ಬಟ್ಟೆ ಮಡಚುತ್ತಾ ಕೂತಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ಕೊನೆಗೆ, “ಸರಿಹೋಯಿತು, ಅದು ಬೇರೆ. ಸರಿಹೋಗದೆ ಇದ್ದಿದ್ದರೆ? ಅವರಿಗೆ ಗೊತ್ತಿದೆ ಅಂತ ನಿಮಗೆ ಗೊತ್ತಿತ್ತಾ ಅತ್ತೆ? ಇಲ್ಲವಲ್ಲ. ನನಗೆ ಮಾತು ಕೊಟ್ಟಿದ್ದಿರಿ,” ಎಂದಳು. ವಿಲ್ಫಿ, “ಅಮ್ಮ ಯಾವತ್ತೂ ಸತ್ಯವನ್ನೇ ಹೇಳುವುದು,” ಎಂದು ಎದೆಯುಬ್ಬಿಸಿದ. ಸತ್ಯವೂ ಇಲ್ಲ, ಗಿತ್ಯವೂ ಇಲ್ಲ. ಮೊಮ್ಮಗಳ ಮದುವೆ ಆ ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲೇ ಇರಲಿಲ್ಲ. ಆ ಹೆಂಗಸು ನನ್ನ ಅಂಜಲನ್ನು ಬಂಗುಡೆ ಎಂದಳು, ನನಗೆ ತಡೆಯಲಾಗಲಿಲ್ಲ, ಅಷ್ಟೆ. ಅವಳು ಸರಿಯಾಗಿ ಅಂಜಲ್ ಎಂದೇ ಕೇಳಿದ್ದರೆ ನಾನು ಇವತ್ತಿಗೂ ಇಗರ್ಜಿಯ ಸೇವೆಯಲ್ಲೇ ಇರುತ್ತಿದ್ದೆ. ಸಾಂಡ್ರಾಳಿಗೆ ಇದನ್ನು ಹೇಳಿದೆ. ಅವಳು ದಿಂಬಿನ ಕವರನ್ನು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ನನಗೆ ಸರಿಯಾಗಿ ತಿಳಿಯಲಿಲ್ಲ. ಕೇಳಲೂ ಇಲ್ಲ.

“ವಾರ್ನಿಷ್ ಹಚ್ಚುವ ಮೊದಲು ಬೇಕಾದರೆ ತಿದ್ದಿಕೊಡುತ್ತಾರಂತೆ,” ಎಂದಳು ಕಣ್ಣು ಒರೆಸಿಕೊಂಡು. “ನಿಮ್ಮ ಕೈ, ನಿಮ್ಮ ಇಷ್ಟ. ಬೆರಳನ್ನು ಪುಸ್ತಕದ ಮೇಲೆ ಇಡಿಸಲಾ?”

“ಏನೂ ಬೇಡ,” ಎಂದೆ. “ಆ ಮುದುಕರು ಏನು ಹೇಳಿದರು? ಇದ್ದದ್ದನ್ನು ಇದ್ದ ಹಾಗೆ ಬರೆಯುವುದೇ ಗೌರವ ಅಂತ ತಾನೇ? ನನಗೆ ಚಂದ ಕಾಣುವ ಚಪಲ ಇಲ್ಲ. ಒಂದು ಗೆರೆಯನ್ನೂ ಮುಟ್ಟಬಾರದು ಅಂತ ಹೇಳು.” ಈ ಮಾತು ಚೆನ್ನಾಗಿ ಬಂತು. ರಿಯಾ ಬಂದು ನನ್ನ ತಲೆಗೆ ಮುತ್ತು ಕೊಟ್ಟು, “ದಟ್ಸ್ ಮೈ ಗ್ರ್ಯಾನಿ,” ಎಂದಳು. ಎಲ್ಲರೂ ನನ್ನನ್ನು ಪುಸ್ತಕದಲ್ಲಿದ್ದ ಸತ್ತ ಸಾಹುಕಾರರ ಸಾಲಿಗೆ ಸೇರಿಸಿದ ಹಾಗೆ ನೋಡಿದರು.

ಮರುದಿನ ಬೆಳಿಗ್ಗೆ ಮೂವರೂ ಕೆಲಸಕ್ಕೆ ಹೋಗುವವರೆಗೆ ಕಾದೆ. ಲಿಫ್ಟ್ ಕೆಳಗೆ ಹೋದ ಸದ್ದು ಕೇಳಿದ ಮೇಲೆ ಚಪ್ಪಲಿ ಹಾಕಿಕೊಂಡೆ. ಒಂದೇ ಸ್ಟೇಷನ್ ರೈಲಿನಲ್ಲಿ ಕೂತು, ಬ್ರಿಕ್‌ಫೀಲ್ಡ್ಸ್‌ಗೆ ನಡೆದು, ಮಾಮಕ್ ಹೋಟೆಲಿನ ಪಕ್ಕದ ಮೆಟ್ಟಿಲುಗಳನ್ನು ಮೊಣಕಾಲನ್ನು ಬೈಯುತ್ತಾ ಒಂದೊಂದಾಗಿ ಹತ್ತಿದೆ. ಫೊಂಗ್ ಕುಂಚ ತೊಳೆಯುತ್ತಿದ್ದರು. ಬಾಗಿಲು ಮುಚ್ಚಿ ಎಂದೆ, ಮುಚ್ಚಿದರು. ಕೈ ಹಾಗೆಯೇ ಇರಲಿ, ಬೆರಳೂ ಇರಲಿ ಎಂದೆ. ವಾರ್ನಿಷ್ ಹಚ್ಚಲು ಬಂದಾಗ ನನ್ನ ಮೂಗನ್ನು ಮಾತ್ರ ಸ್ವಲ್ಪ ಸಣ್ಣ ಮಾಡಲು ಆಗುತ್ತದಾ, ಸೊಸೆಗೆ ಗೊತ್ತಾಗದ ಹಾಗೆ, ಎಂದು ಕೇಳಿದೆ.